ಮುಚ್ಚಳದೊಳಗಿನ ಹನಿ

ಶೂಜಿ ಕಾಣೆಯಾದ ಮೂವತ್ತೆಂಟನೆಯ ದಿನವೂ ಹಿಸಾನೊ ಬೆಳಿಗ್ಗೆ ಎದ್ದು ಮಗನ ಬಟ್ಟಲಿಗೆ ಬಿಸಿ ಅನ್ನ ಬಡಿಸಿ, ಮೇಲೊಂದು ಮೀನಿನ ತುಂಡಿಟ್ಟು, ಮುಚ್ಚಳ ಮುಚ್ಚಿದಳು. ಇದು ಸತ್ತವರಿಗಿಡುವ ಎಡೆಯಲ್ಲ. ಕಡಲಿಗೆ ಹೋದವನು ಎಲ್ಲಿದ್ದರೂ ಹಸಿದಿರಬಾರದೆಂದು ಮನೆಯಲ್ಲಿಡುವ ಊಟ. ತೆರೆದಾಗ ಮುಚ್ಚಳದ ಒಳಗೆ ನೀರ ಹನಿ ಕೂತಿದ್ದರೆ ಹೋದವನು ಜೀವಂತವಾಗಿದ್ದಾನೆಂದು ಲೆಕ್ಕ. ಅವಳ ಅತ್ತೆ ಹೇಳಿಕೊಟ್ಟದ್ದು. ಇಷ್ಟು ದಿನವೂ ಹನಿ ತಪ್ಪಿರಲಿಲ್ಲ.

ಇವತ್ತು ಬಟ್ಟಲನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮಡಿಲಲ್ಲಿಟ್ಟುಕೊಂಡು ಇವಾಮಿಯ ದೋಣಿಯಲ್ಲಿ ಕೂತಿದ್ದಳು. ದ್ವೀಪದ ಗುಡಿಯಲ್ಲಿ, ಕಡಲ ದೇವರೆದುರೇ ಮುಚ್ಚಳ ತೆರೆಯಬೇಕೆಂದು ಅವಳ ಹಟ. ಶೂಜಿಯ ದೋಣಿ ಸಿಕ್ಕಿದ್ದು ಆ ದ್ವೀಪದ ಹತ್ತಿರವೇ. ಎಂಜಿನ್ ಓಡುತ್ತಲೇ ಇತ್ತು, ಒಳಗೆ ಯಾರೂ ಇರಲಿಲ್ಲ.

"ಇವತ್ತು ವಾಪಸ್ ಬಂದ್ಮೇಲೆ ಹೂಂ ಅಂತ್ಲೋ ಉಹೂಂ ಅಂತ್ಲೋ ಒಂದು ಹೇಳ್ಬಿಡಿ ಅತ್ತೆ," ಎಂದಳು ಎದುರಿಗೆ ಕೂತ ಸೊಸೆ ಮಿಹೋ. "ಮಗು ದಿನಾ ಕೇಳುತ್ತೆ. ಅಪ್ಪನ ಫೋಟೊ ಮುಂದೆ ಊದುಬತ್ತಿ ಹಚ್ಬೇಕಾ ಬೇಡ್ವಾ ಅಂತ. ನಾನೇನು ಹೇಳ್ಲಿ?"

"ಬೇಡ ಅನ್ನು. ನಿಂಗೆ ಅವನನ್ನ ಸುಡೋಕೆ ಅಷ್ಟು ಅವಸರಾನಾ?"

"ಸುಡೋಕೆ ಏನಿದೆ ಅತ್ತೆ?"

ಮಿಹೋ ಮುಖ ತಿರುಗಿಸಿದಳು. ಅವಳ ಕಣ್ಣ ಕೆಳಗೆ ಮಸಿ ಬಳಿದಂತಿತ್ತು. ಹಗಲೆಲ್ಲ ಮೀನು ಸಂಸ್ಕರಿಸುವ ಶೆಡ್ಡಿನಲ್ಲಿ ದುಡಿದು ಬಂದು, ರಾತ್ರಿ ಮಗುವನ್ನು ತಟ್ಟಿ ಮಲಗಿಸುವ ಹೆಂಗಸು. ಹಿಸಾನೊಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹಾಗೆ ಅಂದಿದ್ದಳು.

ಇವಾಮಿ ಚುಕ್ಕಾಣಿ ಹಿಡಿದು ನಿಂತಿದ್ದ. ಹಿಸಾನೊಳ ತೀರಿಹೋದ ಗಂಡನ ಜೊತೆಗಾರ. ಬಾಯಿ ತೆರೆದರೆ ಮುಚ್ಚದ ಮನುಷ್ಯ ಇವತ್ತು ದಡ ಬಿಟ್ಟಾಗಿನಿಂದ ಒಂದು ಮಾತೂ ಆಡಿರಲಿಲ್ಲ.

"ಏನಯ್ಯ ಇವಾಮಿ, ಸುಗ್ಗಿ ಜಾಸ್ತಿಯಾಗಿ ನಾಲಿಗೆ ದಪ್ಪ ಆಯ್ತಾ?" ಎಂದು ಹಿಸಾನೊ ಕೆಣಕಿದಳು. "ಊರಿಗೆಲ್ಲ ಬರಿ ಬಲೆ, ನಿಂಗೆ ಮಾತ್ರ ಹನ್ನೆರಡು ದಿನದಿಂದ ದೋಣಿ ತುಂಬ ಮೀನು. ಯಾವ ದೇವರಿಗೆ ಲಂಚ ಕೊಟ್ಟೆ?"

"ಹಾಗೇನಿಲ್ಲ ಅತ್ತಿಗೆ."

"ಹಾಗೇನಿಲ್ವಂತೆ! ದಿನಾ ಬೆಳಿಗ್ಗೆ ಬಾಗಿಲಿಗೆ ಮೀನು ತಂದಿಟ್ಟು ಓಡಿಹೋಗ್ತೀಯ. ಶೂಜಿ ಬಟ್ಟಲಿಗೂ ಅದನ್ನೇ ಇಡ್ತಿದ್ದೀನಿ. ಬಂದ್ಮೇಲೆ ನಿನ್ನ ಋಣ ಅವನೇ ತೀರಿಸ್ತಾನೆ ಬಿಡು."

ಇವಾಮಿ ಚುಕ್ಕಾಣಿಯನ್ನು ದ್ವೀಪದ ಕಡೆ ತಿರುಗಿಸಿದ.

ದ್ವೀಪದಲ್ಲಿ ಈಗ ಮನೆಗಳಿಲ್ಲ. ಗಾಳಿಗೆ ಬಾಗಿದ ನಾಲ್ಕು ಪೈನ್ ಮರ, ಪಾಚಿಗಟ್ಟಿದ ಮೆಟ್ಟಿಲು, ಮೇಲೆ ಗುಡಿ. ದೋಣಿ ಕಟ್ಟಿದ ಇವಾಮಿ, "ನೀವು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ" ಎಂದ.

"ನನ್ನ ಮಂಡಿ ನೋಡಿ ಹೇಳ್ತಿದ್ದೀಯಾ? ಬಂದು ಕೈ ಹಿಡ್ಕೋ."

ಅವನು ಕಡಲ ಕಡೆ ಒಮ್ಮೆ ನೋಡಿದ. ಆಮೇಲೆ ಬಂದು ಅವಳ ಕೈ ಹಿಡಿದುಕೊಂಡ.

ಮೆಟ್ಟಿಲು ಮುಗಿಯುವಲ್ಲಿ ಕಲ್ಲಿನ ಕಮಾನು. ಸಾವಿನ ಮೈಲಿಗೆ ಇರುವವರು ಐವತ್ತು ದಿನ ಆ ಕಮಾನಿನ ಕೆಳಗೆ ಹೋಗುವ ಹಾಗಿಲ್ಲ. ಪಕ್ಕದಲ್ಲಿ ಹುಲ್ಲಿನ ಮೇಲೆ ಒಂದು ಸವೆದ ಕಾಲುಹಾದಿ ಇದೆ. ತಡೆಯಲಾರದೆ ಬಂದ ಸೂತಕದವರು ಅದರಲ್ಲಿ ಬಳಸಿ ಹೋಗಿ, ಅಂಗಳದಂಚಿನಲ್ಲಿ ನಿಂತು ಕೈ ಮುಗಿಯುತ್ತಾರೆ.

ಮುಂದಿದ್ದ ಮಿಹೋ ಕಮಾನಿನ ಎದುರು ನಿಂತಳು. ತಲೆ ಬಗ್ಗಿಸಿದಳು. ಆಮೇಲೆ ಹುಲ್ಲಿನ ಹಾದಿಗೆ ಇಳಿದಳು.

ಹಿಸಾನೊಳ ಮೈ ಉರಿದುಹೋಯಿತು. "ನೋಡ್ದೆಯಾ ಇವಾಮಿ? ಕಟ್ಕೊಂಡವಳೇ ಅವನನ್ನ ಕೊಂದ್ಬಿಟ್ಳು! ಬಾ, ನಾವು ನೆಟ್ಟಗೆ ಹೋಗೋಣ."

ಎರಡು ಹೆಜ್ಜೆ ಇಟ್ಟಳು. ಅಲ್ಲಿ ಇವಾಮಿ ಹಿಡಿದಿದ್ದ ಅವಳ ಕೈ ಖಾಲಿಯಾಯಿತು.

ತಿರುಗಿ ನೋಡಿದಳು. ಇವಾಮಿಯೂ ಹುಲ್ಲಿನ ಮೇಲೆ ನಿಂತಿದ್ದ.

"ನಿನ್ನ ಮನೇಲಿ ಯಾರು ಸತ್ರು?"

"ಯಾರೂ ಇಲ್ಲ ಅತ್ತಿಗೆ. ಅಲ್ಲಿ ಕಲ್ಲು ಜಾರುತ್ತೆ, ಅದಕ್ಕೆ..."

ನಲವತ್ತು ವರ್ಷ ಬೆಸ್ತನ ಹೆಂಡತಿಯಾಗಿದ್ದವಳು ಅವಳು. ಮನೆಯಲ್ಲಿ ಸಾವಿಲ್ಲದ ಬೆಸ್ತ ಕಮಾನಿಗೆ ಹೆದರಬೇಕಾದರೆ ಅವನು ಹೆಣ ಮುಟ್ಟಿರಬೇಕು. ಹೆಣ ಮುಟ್ಟಿದ ಬೆಸ್ತನ ಬಲೆ ಆಮೇಲೆ ಬರಿದಾಗಿ ಬರುವುದಿಲ್ಲ. ಎರಡನ್ನೂ ಅವಳಿಗೆ ಯಾರೂ ಹೊಸದಾಗಿ ಹೇಳಬೇಕಿರಲಿಲ್ಲ.

"ಹನ್ನೆರಡು ದಿನ," ಎಂದಳು. "ಹೇಳು."

ಇವಾಮಿ ಅಲ್ಲೇ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಈ ದ್ವೀಪದ ಹಿಂದೆ ಬಲೆ ಎಳೀತಿದ್ದೆ. ಭಾರ ಬಂತು. ನೋಡಿದ್ರೆ... ಮುಖ ಗೊತ್ತಾಗೋ ಹಾಗಿರ್ಲಿಲ್ಲ ಅತ್ತಿಗೆ. ನೀಲಿ ಸ್ವೆಟರ್ ಇತ್ತು."

"ನೀಲಿ ಸ್ವೆಟರ್ ಊರಲ್ಲಿ ಹತ್ತು ಜನಕ್ಕಿದೆ."

"ಮೊಣಕೈಗೆ ಕೆಂಪು ನೂಲಲ್ಲಿ ತೇಪೆ ಹಾಕಿತ್ತು."

ನೀಲಿ ನೂಲು ಸಾಲದೆ ಹೋದ ವರ್ಷ ಹಿಸಾನೊ ಹಾಕಿದ ತೇಪೆ. ಕೋಳಿ ಜುಟ್ಟಿನ ಹಾಗಿದೆ ಅಂತ ಶೂಜಿ ನಕ್ಕಿದ್ದ.

"ಪದ್ಧತಿ ಪ್ರಕಾರ ಕೇಳ್ದೆ," ಇವಾಮಿಯ ದನಿ ಕೀರಲಾಗಿತ್ತು. "ನಿನ್ನ ಮನೆಗೆ ಕರ್ಕೊಂಡು ಹೋಗ್ತೀನಿ, ನಂಗೆ ಮೀನು ಕೊಡ್ತೀಯಾ ಅಂತ. ಸತ್ತವನ ಪರವಾಗಿ ಕೊಡ್ತೀನಿ ಅನ್ನೋಕೆ ಇನ್ನೊಬ್ಬ ಬೇಕು. ದೋಣೀಲಿ ನಾನೊಬ್ಬನೇ. ಅದನ್ನೂ ನಾನೇ ಅಂದೆ. ತೋಳು ಹಿಡಿದು ಎಳೀತಿದ್ದೆ, ಬಲೆ ಹರಿದುಹೋಯ್ತು. ಅಲ್ಲಿ ಸೆಳೆತ ಎಂಥದು ಅಂತ ನಿಮಗೇ ಗೊತ್ತು. ಕತ್ತಲಾಗೋವರೆಗೂ ಹುಡುಕಿದೆ. ಮಾರನೇ ದಿನದಿಂದ ಬಲೆ ತುಂಬ ಮೀನು. ಅವನು ಮಾತು ಉಳಿಸ್ಕೊಂಡ ಅತ್ತಿಗೆ. ನಾನು ಅವನನ್ನ ಮನೆಗೆ ತರ್ಲಿಲ್ಲ. ಹೇಳೋಣ ಅಂತ ದಿನಾ ಬಾಗಿಲವರೆಗೂ ಬರ್ತಿದ್ದೆ. ಒಳಗೆ ನೀವು ಬಟ್ಟಲಿಗೆ ಅನ್ನ ಹಾಕ್ತಿರ್ತಿದ್ರಿ."

ಅಂಗಳದಂಚಿನಲ್ಲಿದ್ದ ಮಿಹೋ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಾಯಿಗೆ ಕೈ ಒತ್ತಿಕೊಂಡು ನಿಂತಲ್ಲೇ ಕುಸಿದಳು. ಇಷ್ಟು ದಿನ ಸತ್ತಿದ್ದಾನೆ ಎನ್ನುತ್ತಿದ್ದವಳು ಅವಳೇ. ಆದರೂ ಅವಳ ಗಂಟಲಿಂದ ಹೊರಟ ಸದ್ದು ಹಿಸಾನೊ ಯಾವ ಸಾವಿನ ಮನೆಯಲ್ಲೂ ಕೇಳದಂಥದು.

ಹಿಸಾನೊ ಕಮಾನಿನ ಹೊಸ್ತಿಲ ಕಲ್ಲಿನ ಮೇಲೆ ಕೂತಳು. ಗಂಟು ಬಿಚ್ಚಿ ಬಟ್ಟಲಿನ ಮುಚ್ಚಳ ತೆಗೆದಳು.

ಒಳಗೆ ತುಂಬ ಹನಿಗಳಿದ್ದವು. ದಪ್ಪ ದಪ್ಪ ಹನಿ, ಎಂದಿಗಿಂತ ಜಾಸ್ತಿಯೇ. ಬಿಸಿ ಅನ್ನದ ಮೇಲೆ ಮುಚ್ಚಳ ಮುಚ್ಚಿದರೆ ಆವಿ ಹನಿಗಟ್ಟುತ್ತದೆ. ನಲವತ್ತು ವರ್ಷ ಅಡುಗೆ ಮನೆಯಲ್ಲಿ ಬೆಂದವಳಿಗೆ ಅದು ತಿಳಿಯದ್ದೇನಲ್ಲ. ತಣ್ಣಗಿನ ಅನ್ನವನ್ನು ಅವಳು ಒಂದು ದಿನವೂ ಬಡಿಸಿರಲಿಲ್ಲ.

ಅನ್ನದ ಮೇಲೆ ಇವಾಮಿ ಕೊಟ್ಟ ಮೀನಿನ ತುಂಡಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಚ್ಚಳವನ್ನು ತೋಳಿನಿಂದ ಒರೆಸಿದಳು, ಒಂದು ಹನಿಯೂ ಉಳಿಯದ ಹಾಗೆ.

"ಇವಾಮಿ, ಆ ಜಾಗ ತೋರಿಸು. ಈ ಅನ್ನ ಅಲ್ಲಿ ಹಾಕ್ಬೇಕು."

ಎದ್ದಳು. ಕಮಾನಿನಿಂದ ಹಿಂದೆ ಸರಿದು ಹುಲ್ಲಿನ ಹಾದಿಗೆ ಇಳಿದು, ಮಂಡಿ ಹಿಡಿದುಕೊಂಡು, ಬಳಸಿ ಸೊಸೆಯ ಹತ್ತಿರ ಹೋದಳು.

"ಏಳು ಮಿಹೋ," ಎಂದಳು. "ಮಗು ಸ್ಕೂಲಿಂದ ಬರೋದ್ರೊಳಗೆ ಮನೆ ಸೇರ್ಬೇಕು. ಊದುಬತ್ತಿ ಇದ್ಯಾ, ದಾರೀಲಿ ತಗೋಬೇಕಾ?"