ನಡುವಿನ ಕರಿ ಮನೆ

ಪೆಟ್ಟಿಗೆ ಬಿಚ್ಚುವ ಮೊದಲೇ ದೇವರಿಗೆ ಒಪ್ಪಿಸಿಬಿಟ್ಟದ್ದು ನಾವು ಮಾಡಿದ ತಪ್ಪು. ಶನಿವಾರ ಸಂಜೆಯ ಕೊನೆಯ ಹಡಗಿಗೆ ರಾಜಧಾನಿ ಅಪಿಯಾದಿಂದ ನಮ್ಮ ದ್ವೀಪಕ್ಕೆ ಕೀಬೋರ್ಡ್ ಬಂತು. ಭಾನುವಾರ ಬೆಳಿಗ್ಗೆ ಪಾದ್ರಿಗಳು ಆ ರಟ್ಟಿನ ಪೆಟ್ಟಿಗೆಯ ಮೇಲೆ ಶುಭಕಾರ್ಯಕ್ಕೆಂದೇ ಹೆಣೆದ ನಯವಾದ ಚಾಪೆ ಹೊದಿಸಿ, ಕೈಯಿಟ್ಟು, ಉದ್ದಕ್ಕೆ ಪ್ರಾರ್ಥಿಸಿದರು. ನಮ್ಮ ಪಾದ್ರಿಗಳು ಯಾವ ಮಾತನ್ನಾದರೂ ಆಮೆನ್ ಹೇಳಿದ ಧಾಟಿಯಲ್ಲೇ ಮುಗಿಸುವವರು. ‘ಕೋಕೋಗೆ ಸಕ್ಕರೆ ಸಾಲದು’ ಎಂದರೂ ಕೇಳಿದವರ ತಲೆ ತಾನಾಗಿ ಬಾಗುತ್ತದೆ. ಹೀಗೆ ಎಲ್ಲರೂ ತಲೆ ಬಾಗಿಸಿದ ಮೇಲೆ ಪೆಟ್ಟಿಗೆ ತೆರೆದರು, ವಯರು ಸಿಕ್ಕಿಸಿದರು, ನನ್ನ ದೊಡ್ಡಮ್ಮ ತೆಲೇಸಿಯ, ತನ್ನ ಬಿಳಿ ಟೋಪಿ ಸರಿಮಾಡಿಕೊಂಡು ಅದರ ಮುಂದೆ ಕೂತಳು.

ಮೂವತ್ತನಾಲ್ಕು ವರ್ಷದಿಂದ ನಮ್ಮ ಚರ್ಚಿನ ವಾದ್ಯದ ಮುಂದೆ ಕೂರುವವಳು ಅವಳೇ. ವಾದ್ಯಗಳು ಮೂರು ಬದಲಾಗಿವೆ, ಬೆನ್ನು ಒಂದೇ.

ಮೊದಲ ಕೀರ್ತನೆ ಚೆನ್ನಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದರ ನಡುವೆ ಒಂದು ಸ್ವರ ಕಾಣೆಯಾಯಿತು. ವಾದ್ಯದಲ್ಲಿ ಸ್ವರ ಕೂತಿರುವ ಜಾಗಕ್ಕೆ ‘ಮನೆ’ ಎಂದು ಹೆಸರಿಟ್ಟವರು ಜಾಣರು. ನಟ್ಟನಡುವಿನ ಒಂದು ಕರಿ ಮನೆಯ ಬಾಗಿಲನ್ನು ದೊಡ್ಡಮ್ಮ ತಟ್ಟಿದಳು. ಒಳಗೆ ಯಾರೂ ಇರಲಿಲ್ಲ. ಮತ್ತೆ ತಟ್ಟಿದಳು. ಅಷ್ಟರಲ್ಲಿ ಹೆಂಗಸರ ಸಾಲು ಒಂದು ಕಡೆಗೆ, ಗಂಡಸರ ಸಾಲು ಇನ್ನೊಂದು ಕಡೆಗೆ ಜಾರಿ, ಊರೆಲ್ಲ ಬೇರೆ ಬೇರೆ ಹೊತ್ತಿಗೆ ಪರಲೋಕ ಮುಟ್ಟಿತು.

ಹಾಡಿಸುವ ಗುರು ತಾನಿಯೆಲು ಬೈಯುವ ಮುನ್ನವೂ ‘ಹೂಂ’ ಎಂದು ಶ್ರುತಿ ಹಿಡಿಯುವ ಆಸಾಮಿ. ಸಂಜೆ ಚರ್ಚು ಖಾಲಿಯಾದ ಮೇಲೆ ಬಂದು ತನ್ನ ಬೆರಳಿಂದಲೇ ಆ ಕರಿ ಮನೆಯನ್ನು ಒತ್ತಿದ. ಸ್ವರ ಸ್ವಚ್ಛವಾಗಿ ಹೊರಟಿತು.

“ಹೂಂ... ಮನೆ ಸರಿಯಾಗೇ ಇದೆ ಅಕ್ಕಾ.”

“ಹಂಗಾದ್ರೆ ಬೆಳಿಗ್ಗೆ ಏನಾಯ್ತು?”

ತಾನಿಯೆಲು ಅವಳ ಬಲಗೈ ನೋಡಿದ. ದೊಡ್ಡಮ್ಮನ ಉಂಗುರ ಬೆರಳಿನ ಗೆಣ್ಣು ಎರಡು ವರ್ಷದಿಂದ ಊದಿಕೊಂಡು ಸ್ವಲ್ಪ ಸೊಟ್ಟಗಾಗಿದೆ. ಆ ಕರಿ ಮನೆ ಆ ಬೆರಳಿನ ಪಾಲಿನದು.

ಬುಧವಾರದ ಸಂಜೆ ಅಭ್ಯಾಸದಲ್ಲಿ ಯಾವ ತೊಂದರೆಯೂ ಬರಲಿಲ್ಲ. ಎರಡನೆಯ ಭಾನುವಾರ ಮತ್ತೆ ಅದೇ ಕಥೆ, ಮೂರನೆಯ ಕೀರ್ತನೆಯಲ್ಲೇ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮುಗಿದ ಮೇಲೆ ತಾನಿಯೆಲು ಬಾಗಿಲ ಬಳಿ ಕಾದು ನಿಂತಿದ್ದ.

“ಹೂಂ... ಅಕ್ಕಾ, ಬೇಜಾರು ಮಾಡ್ಕೋಬೇಡ. ಮುಂದಿನ ವಾರದಿಂದ ನಮ್ಮ ಪೆನೀನ ಕೂತ್ಕೊಳ್ಲಿ. ನೀನು ಹೆಂಗಸರ ಸಾಲಲ್ಲಿ ನಿಂತು ಹಾಡು. ವಯಸ್ಸು ಯಾರನ್ನ ಬಿಟ್ಟಿದೆ?”

ಪೆನೀನ ಅವನ ಮಗಳು. ಹುಡುಗಿ ಒಳ್ಳೆಯವಳೇ, ಚೆನ್ನಾಗಿಯೇ ಬಾರಿಸುತ್ತಾಳೆ. ಅದೇ ಇನ್ನೂ ಕಷ್ಟ. ಕೆಟ್ಟದಾಗಿ ಬಾರಿಸುತ್ತಿದ್ದರೆ ಜಗಳಕ್ಕೆ ಒಂದು ದಾರಿಯಾದರೂ ಇರುತ್ತಿತ್ತು.

ಅವತ್ತು ದೊಡ್ಡಮ್ಮ ಊಟ ಮಾಡಲಿಲ್ಲ. ಚಾಪೆಯ ಮೇಲೆ ಕೂತು ತಟ್ಟೆಯ ಬೆನ್ನನ್ನು ಉಂಗುರ ಬೆರಳಿಂದ ತಟ್ಟುತ್ತಿದ್ದಳು.

“ಮೇಷ್ಟ್ರೇ, ಕೇಳಿಸ್ತಾ?” ನಾನು ಊರ ಶಾಲೆಯಲ್ಲಿ ಕಲಿಸುತ್ತೇನೆಂದು ಅವಳಿಗೆ ನಾನು ಮಗನಲ್ಲ, ಮೇಷ್ಟ್ರು.

“ಕೇಳಿಸ್ತು.”

“ಈಗ?”

“ಕೇಳಿಸ್ತು ದೊಡ್ಡಮ್ಮ.”

“ಸುಳ್ಳುಬುರುಕ! ಈಗ ನಾನು ತಟ್ಟಲೇ ಇಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. “ನೋಡೋ, ಬೆರಳೇ ಕೆಟ್ಟಿದ್ರೆ ನಾನೇ ಎದ್ದು ಹೋಗ್ತೀನಿ, ಯಾರೂ ಹೇಳೋದು ಬೇಡ. ಆದ್ರೆ ಒತ್ತಿದೀನಿ ಅಂತ ನನಗನ್ಸುತ್ತೆ, ಒತ್ತಿಲ್ಲ ಅಂತ ಅವರು ಹೇಳ್ತಾರೆ. ಯಾವುದು ಕೆಟ್ಟಿದೆ ಅಂತ ಗೊತ್ತಾಗದೆ ಹೆಂಗೆ ಏಳಲಿ?”

ರಸೀದಿ ತೆಗೆದು ನೋಡಿದೆ. ಹದಿನಾಲ್ಕು ದಿನದೊಳಗೆ ತಂದರೆ ಬದಲಿ ಎಂದಿತ್ತು; ಎಂಟು ದಿನ ಆಗಲೇ ಕಳೆದಿದ್ದವು. ಆದರೆ ದೇವರಿಗೆ ಕೊಟ್ಟದ್ದನ್ನು ಅಂಗಡಿಗೆ ವಾಪಸು ಒಯ್ಯುವ ಮಾತಿಗೆ ಊರಿನ ಹಿರಿಯರು ಹುಬ್ಬು ಗಂಟಿಕ್ಕಿದರು. ಮೂರು ದಿನ ಅದೇ ಚರ್ಚೆ. ಚರ್ಚಿನ ವಿಷಯವೆಂದರೆ ಹಾಗೆಯೇ. ಕೊನೆಗೆ ಬುಧವಾರ ಪಾದ್ರಿಗಳೇ ತೀರ್ಪು ಕೊಟ್ಟರು: “ನಾನು ಆಶೀರ್ವಾದ ಮಾಡಿದ್ದು ಅದರ ಸ್ವರಗಳಿಗೆ. ಬರದೇ ಇರೋ ಸ್ವರಕ್ಕೆ ನನ್ನ ಆಶೀರ್ವಾದ ಹೆಂಗಪ್ಪಾ ಮುಟ್ಟುತ್ತೆ? ತಗೊಂಡು ಹೋಗಿ.” ಎಲ್ಲರೂ ತಲೆ ಬಾಗಿಸಿದರು.

ಗುರುವಾರ ನಸುಕಿನಲ್ಲೇ ದೊಡ್ಡಮ್ಮನೂ ನಾನೂ ಅಪಿಯಾಗೆ ಹೊರಟೆವು. ಬಸ್ಸಿನಲ್ಲಿ ಪೆಟ್ಟಿಗೆ ನಾಲ್ಕು ಜನರ ತೊಡೆಯ ಮೇಲೆ ಅಡ್ಡಡ್ಡ ಮಲಗಿ ಬಂತು. ಅದರ ಮೇಲೆ ಐದನೆಯವರು ಬಂದು ಕೂರದಂತೆ ಕಾಯುವುದು ನನ್ನ ಪಾಲಿನ ಕೆಲಸ. ಹಡಗಿನಲ್ಲಿ ದೊಡ್ಡಮ್ಮ ಬಲಗೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ಎಡಗೈ ಮುಚ್ಚಿಕೊಂಡಿದ್ದಳು, ಮೈಗೆ ಸರಿಯಿಲ್ಲದ ಮಗುವನ್ನು ಕರೆದುಕೊಂಡು ಹೋಗುವ ಹಾಗೆ.

ಅಂಗಡಿಯ ಕೌಂಟರಿನಲ್ಲಿ ರೊಪಾತಿ ಎಂಬವನಿದ್ದ. ಎದೆಯ ಮೇಲೆ ಹೆಸರಿನ ಬಿಲ್ಲೆ, ಗಂಟಲಲ್ಲಿ ರೇಡಿಯೋ. “ನಮ್ಮ ಮಳಿಗೆಗೆ ತಮಗೆಲ್ಲ ಆದರದ ಸ್ವಾಗತ! ತಮಗೆ ಯಾವ ರೀತಿಯಲ್ಲಿ ನೆರವಾಗಲಿ?” ಎಂದ. ಮುಂದೆ ಹವಾಮಾನ ವರದಿ ಬರುತ್ತದೆಂದು ನಾನು ಕಾದೆ.

ವಿಷಯ ಹೇಳಿದೆವು. ರೊಪಾತಿ ಕೀಬೋರ್ಡನ್ನು ಮೇಜಿನ ಮೇಲಿಟ್ಟು, ಡೋಲಿನ ಗುಂಡಿ ಒತ್ತಿ, ಭುಜ ಕುಣಿಸುತ್ತ ಒಂದು ಕುಣಿತದ ಹಾಡು ಬಾರಿಸಿದ. ನಡುವಿನ ಕರಿ ಮನೆಯ ಮೇಲೆ ಹತ್ತು ಸಲ ಹೋಗಿಬಂದ. ಹತ್ತು ಸಲವೂ ಮನೆಯವರು ಇದ್ದರು.

“ಗಂಟೆ ಹೊಡೆದಂಗೆ ಇದೆಯಲ್ಲ ಅಮ್ಮಾ!”

“ಇನ್ನೊಂದ್ಸಲ ಒತ್ತಪ್ಪಾ.”

ಒತ್ತಿದ. ಬಂತು. ಆಮೇಲೆ ದೊಡ್ಡಮ್ಮ ಬಾರಿಸಿದಳು. ಆಗಲೂ ಬಂತು. ರೊಪಾತಿ ರೇಡಿಯೋದ ದನಿಯನ್ನು ಸ್ವಲ್ಪ ತಗ್ಗಿಸಿದ. “ಅಮ್ಮಾ, ತಪ್ಪು ತಿಳ್ಕೋಬೇಡಿ. ವಾರಂಟಿ ಇರೋದು ವಸ್ತುವಿಗೆ. ಬಾರಿಸೋ ಕೈಗಲ್ಲ.”

“ವಾರಂಟಿ ಅಂದ್ರೆ ವಾರಕ್ಕೊಂದು ತಂಟೆ ಅಂತ ನಮಗೇನು ಗೊತ್ತಿತ್ತು?” ಎಂದೆ. ಯಾರೂ ನಗಲಿಲ್ಲ. ದೊಡ್ಡಮ್ಮ ತಲೆ ತಗ್ಗಿಸಿ ಪೆಟ್ಟಿಗೆಯ ಮುಚ್ಚಳ ಎತ್ತಿಕೊಂಡಳು. ಅವಳ ಮುಂಗೈ ಮೇಲೆ ರೋಮ ನಿಂತಿತ್ತು.

“ಇಲ್ಲೇನಪ್ಪಾ ಇಷ್ಟು ಚಳಿ?”

“ಏಸಿ ಅಮ್ಮಾ. ಸಾಮಾನು ಕೆಡಬಾರದು ಅಂತ.”

ಅವಳು ಮುಚ್ಚಳವನ್ನು ಕೆಳಗಿಟ್ಟಳು. “ನಮ್ಮ ಚರ್ಚಲ್ಲಿ ಇದು ಕಿಟಕಿ ಪಕ್ಕ ಇರೋದು. ಎರಡು ಕೀರ್ತನೆ ಮುಗಿಯೋ ಹೊತ್ತಿಗೆ ಬಿಸಿಲು ಸೀದಾ ಇದರ ಬೆನ್ನಿಗೆ ಬೀಳುತ್ತೆ. ಅಷ್ಟೊತ್ತಿಗೆ ನಾನೇ ಬೆಂದ ಕೆಸುವಿನ ಗೆಡ್ಡೆ ಆಗಿರ್ತೀನಿ. ಇದನ್ನ ಆಚೆ ತಗೊಂಡು ನಡಿ.”

“ಆಚೆನಾ? ಅಮ್ಮಾ, ಅದು ಮಳಿಗೆಯ ನಿಯಮಕ್ಕೆ...”

“ನಿಯಮನೂ ತಗೊಂಡು ಬಾ. ಅದಕ್ಕೂ ಸ್ವಲ್ಪ ಬಿಸಿಲು ಬೀಳಲಿ.”

ಎದುರಿಗೇ ಬಸ್ ನಿಲ್ದಾಣ. ಎರಡು ಸೋಡಾ ಕ್ರೇಟುಗಳ ಮೇಲೆ ಕೀಬೋರ್ಡಿಟ್ಟು, ಬಾಗಿಲ ಸಂದಿಯಿಂದ ಉದ್ದನೆಯ ವಯರು ಎಳೆದೆವು. ದೊಡ್ಡಮ್ಮ ಮೂರನೆಯ ಕ್ರೇಟಿನ ಮೇಲೆ ಕೂತು ಮೊದಲ ಕೀರ್ತನೆ ಹಿಡಿದಳು. ನಮ್ಮವರ ಮುಂದೆ ಕೀರ್ತನೆ ಶುರುಮಾಡಿ ಸುಮ್ಮನಿರಿ ಎನ್ನುವುದು, ಮೀನನ್ನು ನೀರಿಗೆ ಬಿಟ್ಟು ಈಜಬೇಡ ಎಂದ ಹಾಗೆ. ಗೆಡ್ಡೆಯ ಬುಟ್ಟಿಯಿಟ್ಟುಕೊಂಡಿದ್ದ ಹೆಂಗಸೊಬ್ಬಳು ಮೇಲಿನ ಸ್ವರ ಹಿಡಿದಳು. ಬಸ್ಸಿನ ಕಿಟಕಿಯಿಂದ ಇಬ್ಬರು ಗಂಡಸರು ಕೆಳಗಿನದನ್ನು ಹಿಡಿದರು. ಎರಡನೆಯ ಚರಣಕ್ಕೆ ನಿಲ್ದಾಣವೇ ನಾಲ್ಕು ದನಿಯಲ್ಲಿ ಹಾಡುತ್ತಿತ್ತು, ಡ್ರೈವರು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದ.

ನಾನು ಮಾತ್ರ ದೊಡ್ಡಮ್ಮನ ಮುಖ ನೋಡುತ್ತಿದ್ದೆ. ಕರಿ ಮನೆ ಪ್ರತಿ ಸಲವೂ ನುಡಿಯುತ್ತಿತ್ತು, ಪ್ರತಿ ಸಲವೂ ಅವಳ ಮುಖ ಇನ್ನಷ್ಟು ಬಾಡುತ್ತಿತ್ತು. ಒಂದು ಕೀರ್ತನೆ ಮುಗಿಯಿತು. ಎರಡನೆಯದೂ ಮುಗಿಯಿತು. ರೊಪಾತಿ ಬಾಗಿಲಿಗೆ ಒರಗಿ ಕೈ ಕಟ್ಟಿ ನಿಂತಿದ್ದ. ದೊಡ್ಡಮ್ಮನ ಕತ್ತಿನಿಂದ ಬೆವರಿಳಿಯುತ್ತಿತ್ತು. ಮೂರನೆಯದನ್ನು ಹಿಡಿದಳು.

ಮೊದಲ ಚರಣದ ಕೊನೆಯಲ್ಲಿ ಸ್ವರ ತಪ್ಪಿತು.

“ಏನಮ್ಮಾ, ಒಂದು ಹಲ್ಲು ಉದುರಿತಲ್ಲ!” ಎಂದಳು ಬುಟ್ಟಿಯ ಹೆಂಗಸು.

ದೊಡ್ಡಮ್ಮ ಕೈ ನಿಲ್ಲಿಸಿದಳು. ಕೀಬೋರ್ಡನ್ನು ನೋಡಲಿಲ್ಲ, ಬೆರಳನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ರೊಪಾತಿಯನ್ನು ಕರೆದಳು, “ಮಗಾ, ಇಲ್ಲಿ ಬಾ. ನೀನು ಒತ್ತು.”

ರೊಪಾತಿ ಬಂದು ತನ್ನ ನೆಟ್ಟಗಿನ, ಎಳೆಯ ಬೆರಳಿಂದ ಒತ್ತಿದ. ಸದ್ದಿಲ್ಲ. ಹೆಬ್ಬೆರಳಿಂದ ಒತ್ತಿದ. ಸದ್ದಿಲ್ಲ. ಪಕ್ಕದ ಬಿಳಿ ಮನೆ ಒತ್ತಿದ, ಅದು ನುಡಿಯಿತು, ಕರಿಯದು ಮೂಕ. ಬುಟ್ಟಿಯ ಹೆಂಗಸು ಒತ್ತಿದಳು. ಡ್ರೈವರು ಇಳಿದು ಬಂದು, “ಸರಿಯಿರಿ, ಇದು ಗೇರ್ ಇದ್ದಂಗೆ, ಬಲ ಬೇಕು” ಎಂದು ಒತ್ತಿದ. ಮನೆಗೆ ಬೀಗ ಬಿದ್ದಿತ್ತು.

“ಕೆಟ್ಟಿದೆ!” ಎಂದು ಕೂಗಿದಳು ದೊಡ್ಡಮ್ಮ. “ದೇವರಿಗೆ ಸ್ತೋತ್ರ! ಕೆಟ್ಟಿದೆ ಕಣೋ ಮೇಷ್ಟ್ರೇ, ಪೂರ್ತಿ ಕೆಟ್ಟಿದೆ!”

ತಾನು ಮಾರಿದ ಸಾಮಾನು ಕೆಟ್ಟಿತೆಂದು ಗಿರಾಕಿ ಅಪ್ಪಿಕೊಂಡದ್ದು ರೊಪಾತಿಗೆ ಅದೇ ಮೊದಲು. ಅವನ ಬಿಲ್ಲೆ ಅವಳ ಟೋಪಿಗೆ ಸಿಕ್ಕಿಕೊಂಡಿತು. ಬಿಡಿಸುವಾಗ ನೋಡಿದರೆ ದೊಡ್ಡಮ್ಮ ಅಳುತ್ತಿದ್ದಳು.

“ಕೈ ಕೊಟ್ಟಿದ್ದು ಕೈಯಲ್ಲ ದೊಡ್ಡಮ್ಮ,” ಎಂದೆ.

“ನಿನ್ನ ಹಾಳು ಮಾತು ಸಾಕು, ಹೋಗಿ ಹೊಸದನ್ನ ತಗೊಂಡು ಬಾ. ಅದನ್ನೂ ಬಿಸಿಲಲ್ಲಿ ನೋಡ್ಬೇಕು.”

ರೊಪಾತಿ ಈಗ ನಿಯಮದ ಮಾತೆತ್ತಲಿಲ್ಲ. ಒಳಗಿಂದ ಬೇರೆ ಪೆಟ್ಟಿಗೆ ತಂದು, “ಕ್ಷಮಿಸಿ ಅಮ್ಮಾ, ಕೈ ಬಗ್ಗೆ ನಾನು ಹಂಗೆ ಅನ್ನಬಾರದಿತ್ತು” ಎಂದ. ಅದು ರೇಡಿಯೋದ ದನಿಯಲ್ಲ, ಅವನದೇ. ಹೊಸದರ ಮೇಲೆ ಐದು ಕೀರ್ತನೆಗಳಾದವು. ಬಸ್ಸು ಅರ್ಧ ಗಂಟೆ ತಡವಾಗಿ ಹೊರಟಿತು. ಯಾರೂ ಡ್ರೈವರನ್ನು ಬೈಯಲಿಲ್ಲ, ಬೈಯಲು ಬಾಯಿಗೆ ಬಿಡುವಿರಲಿಲ್ಲ. ರೊಪಾತಿ ಬಾಗಿಲಲ್ಲಿ ನಿಂತು ಗಂಡಸರ ಕೆಳಸ್ವರ ಹಾಡುತ್ತಿದ್ದ. ಚೆನ್ನಾಗಿಯೇ ಹಾಡುತ್ತಿದ್ದ.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಶುಕ್ರವಾರ ತಾನಿಯೆಲು ಮನೆಗೆ ಬಂದ, ಹೊಸ್ತಿಲಲ್ಲೇ ಕೂತ. “ಹೂಂ,” ಎಂದ. ದೊಡ್ಡಮ್ಮ ಅವನ ಕೈಗೆ ಒಂದು ಲೋಟ ಕೋಕೋ ಕೊಟ್ಟಳು. ಕುಡಿದು, ಮತ್ತೊಮ್ಮೆ “ಹೂಂ” ಎಂದು ಎದ್ದುಹೋದ. ಅದು ಕ್ಷಮೆಯ ಶ್ರುತಿಯೆಂದು ಇಬ್ಬರಿಗೂ ಗೊತ್ತಿತ್ತು.

ಭಾನುವಾರ ಚರ್ಚು ತುಂಬಿತ್ತು. ಬಿಸಿಲು ಕಿಟಕಿಯಿಂದ ಒಳಬಂದು ಹೊಸ ಕೀಬೋರ್ಡಿನ ಬೆನ್ನೇರಿತು. ಮೂರನೆಯ ಕೀರ್ತನೆ ಯಾವ ವಿಘ್ನವೂ ಇಲ್ಲದೆ ದಾಟಿತು, ಜನರ ಉಸಿರು ಕೆಳಗಿಳಿಯಿತು. ನಾಲ್ಕನೆಯದರ ಎರಡನೆಯ ಚರಣದಲ್ಲಿ ಕರ್ಕಶವಾದ ಒಂದು ಸ್ವರ ಎದ್ದಿತು. ಹಾಡು ನಿಂತಿತು. ಎಲ್ಲರೂ ಕಣ್ಣು ಕೆಂಪಗೆ ಮಾಡಿಕೊಂಡು ಕೀಬೋರ್ಡನ್ನು ನೋಡಿದರು. ತಾನಿಯೆಲು ಅದರ ಮೇಲೆ ಬೆರಳು ತೋರಿಸಿದ.

“ಇದೂ ಹಾಳಾ ಅಕ್ಕಾ? ನಾಳೆನೇ ಹಡಗಿಗೆ ಹಾಕೋಣ!”

ದೊಡ್ಡಮ್ಮ ಸೊಟ್ಟ ಬೆರಳನ್ನು ಒಮ್ಮೆ ಮಡಿಚಿ ಬಿಡಿಸಿದಳು.

“ಇಲ್ಲ ತಮ್ಮಾ, ಇದು ನಂದೇ ತಪ್ಪು,” ಎಂದಳು, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ. “ಎಲ್ಲರೂ ನಿಂತ್ಕೊಳ್ಳಿ, ಎರಡನೇ ಚರಣದಿಂದ.”

ನಾವೆಲ್ಲ ನಿಂತು, ಮತ್ತೆ ಹಾಡಿದೆವು.