ಟೀವಿಗೆ ಹೊದಿಸಿದ ಸೆರಗು

ನಮ್ಮ ಮನೆಯ ಟೀವಿ ಸೆರಗು ಹೊದ್ದುಕೊಂಡು ಕೂರುತ್ತಿತ್ತು. ಬಿಳಿ ದಾರದಲ್ಲಿ ನಾನೇ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಸೆರಗು, ಅಂಚಿಗೆ ಗುಲಾಬಿ ಬಣ್ಣದ ಬಳ್ಳಿ. ಸಂಜೆ ವಾರ್ತೆಯ ಹೊತ್ತಿಗೆ ಅದನ್ನು ಎತ್ತಿ ಹಿಂದಕ್ಕೆ ಹಾಕುವುದು, ಮಲಗುವ ಮುನ್ನ ಮತ್ತೆ ಇಳಿಬಿಡುವುದು ನನ್ನ ಕೆಲಸ. ಬೇರೆ ಯಾರಾದರೂ ಮುಟ್ಟಿದರೆ ನನಗೆ ಸಿಟ್ಟು ಬರುತ್ತಿತ್ತು. ಧೂಳು ಕೂರಬಾರದು ಎನ್ನುವುದು ಬರೀ ನೆಪ. ಮನೆಗೆ ಬಂದವರು ಟೀವಿಗಿಂತ ಮೊದಲು ನನ್ನ ಹೆಣಿಗೆಯನ್ನು ನೋಡಲಿ ಎಂಬುದೇ ನನ್ನ ಆಸೆ.

ಟೀವಿ ಕೂತಿದ್ದ ಶೋಕೇಸು ನಮ್ಮ ಯಜಮಾನರ ಕೈಕೆಲಸ. ಅವರು ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದರು. ಶಾಲೆಯವರು ಹರಾಜು ಹಾಕಿದ ಗಾಜಿನ ಬೀರುವೊಂದನ್ನು ತಂದು, ಬಿಚ್ಚಿ, ಬೇಸಿಗೆ ರಜೆಯುದ್ದಕ್ಕೂ ಹಿತ್ತಿಲಲ್ಲಿ ಕೂತು ಉಜ್ಜಿ, ಪಾಲಿಶ್ ಹಾಕಿ ಅದನ್ನು ಮಾಡಿದ್ದರು. ಒಳಗೆ ಬಣ್ಣದ ಮರದ ಗೊಂಬೆಗಳು, ಮಗಳು ಓಟದಲ್ಲಿ ಗೆದ್ದ ಕಪ್ಪುಗಳು, ಒಮ್ಮೆಯೂ ಬಳಸದ ಪಿಂಗಾಣಿ ಬಟ್ಟಲುಗಳು. ಟೀವಿಯ ಎರಡೂ ಪಕ್ಕ ಪ್ಲಾಸ್ಟಿಕ್ ಹೂವು. ರಿಮೋಟಿಗೂ ಒಂದು ಪ್ಲಾಸ್ಟಿಕ್ ಚೀಲ. ಶೋಕೇಸಿನ ಒಂದು ಬಾಗಿಲು ಸೊಟ್ಟಗಿತ್ತು. ನಾನು ಅದನ್ನು ಎತ್ತಿ ಆಡಿದಾಗಲೆಲ್ಲ ಅವರು, "ನೀನೂ ಸ್ವಲ್ಪ ತಲೆ ವಾಲಿಸಿ ನೋಡು, ನೆಟ್ಟಗೆ ಕಾಣತ್ತೆ" ಎನ್ನುತ್ತಿದ್ದರು.

ನನ್ನ ತಂಗಿ ವಾರಿಜಳಿಗೆ ಒಳ್ಳೆಯ ಕಡೆ ಸಂಬಂಧವಾಗಿತ್ತು. ಅವಳೂ ಗಂಡ ಶ್ರೀಕರನೂ ನಮ್ಮೂರಿನದೇ ಹೊಸ ಬಡಾವಣೆಯಲ್ಲಿ ಮನೆ ಕೊಂಡು, ಒಳಗೆಲ್ಲ ಹೊಸದಾಗಿ ಮರದ ಕೆಲಸ ಮಾಡಿಸುತ್ತಿದ್ದರು. ಟೀವಿ ಕೊಳ್ಳಲು ಹೊರಟ ದಿನ ನಮ್ಮನ್ನೂ ಕರೆದರು. ಕರೆದದ್ದು ಮರ್ಯಾದೆಗೆ. ನಾವು ಹೋದದ್ದು ಸಲಹೆ ಕೊಡುವುದಕ್ಕೆ!

ಅಂಗಡಿಯಲ್ಲಿ ಗೋಡೆಯ ತುಂಬ ಟೀವಿಗಳು, ಎಲ್ಲದರಲ್ಲೂ ಅದೇ ಜಲಪಾತ ಸುರಿಯುತ್ತಿತ್ತು. ಮಾರುವ ಹುಡುಗಿ ಸೋಫಾಕ್ಕೂ ಗೋಡೆಗೂ ಎಷ್ಟು ದೂರ, ಕಿಟಕಿ ಯಾವ ಕಡೆ, ಬಿಸಿಲು ಹೊಡೆಯುತ್ತದೆಯೇ ಎಂದೆಲ್ಲ ಕೇಳಿದಳು. ಟೀವಿ ಕೊಳ್ಳಲು ಬಂದವರನ್ನು ಬಿಸಿಲಿನ ಬಗ್ಗೆ ಯಾಕೆ ಕೇಳುತ್ತಾಳೆ ಎಂದು ನನಗೆ ನಗು ಬಂತು. ಕೊನೆಗೆ ಒಂದರ ಮುಂದೆ ನಿಂತು ಅವಳು ಹೇಳಿದಳು:

"ಇದು ಆರಿಸಿದಾಗ್ಲೂ ಕಪ್ಪು ಹಲಗೆ ಥರ ಕಾಣಲ್ಲ ಮೇಡಂ. ಸುಮ್ನಿದ್ದಾಗ ನಿಮ್ಮ ಫೋನಲ್ಲಿರೋ ಫೋಟೋಗಳನ್ನೇ ಒಂದೊಂದಾಗಿ ತೋರಿಸ್ತಿರತ್ತೆ. ಗೋಡೆಗೆ ಪಟ ಹಾಕಿದ ಹಾಗೇ ಇರತ್ತೆ."

ವಾರಿಜಳ ಕಣ್ಣು ಅರಳಿತು. ಯಜಮಾನರು ಟೀವಿಯ ಅಂಚನ್ನು ಬೆರಳಲ್ಲಿ ಸವರಿ, "ಇಷ್ಟು ತೆಳ್ಳಗಿದೆ, ಇದಕ್ಕೆ ಭದ್ರವಾದ ಸ್ಟ್ಯಾಂಡ್ ಬೇಕಮ್ಮ. ನಾನೇ ಮಾಡ್ಕೊಡ್ತೀನಿ" ಎಂದರು.

"ಬೇಡ ಭಾವ, ಗೋಡೆಗೇ ಹಾಕಿಸ್ತೀವಿ," ಎಂದ ವಾರಿಜ, ಅವರ ಮುಖ ನೋಡಿ ತಕ್ಷಣ ಸೇರಿಸಿದಳು, "ಆದ್ರೆ ನಿಮ್ಮ ಶೋಕೇಸಿನ ಫೋಟೋ ತಗೊಂಡು ಬಡಗಿಗೆ ತೋರಿಸ್ತೀನಿ."

ಅವಳು ಹೇಳಿದಂತೆಯೇ ಬಂದು ಫೋಟೋ ತೆಗೆದುಕೊಂಡಳು. ನಾನು ಸೆರಗಿನ ಸುಕ್ಕು ಬಿಡಿಸಿದೆ, ಹೂವಿನ ಧೂಳು ಒರೆಸಿದೆ. ಯಜಮಾನರ ಸಂತೋಷ ಹೇಳತೀರದು. ಶಾಲೆಯ ಮೇಷ್ಟರಿಗೆ, ಹಾಲಿನವನಿಗೆ, ಪಕ್ಕದ ಮನೆಯವರಿಗೆ, "ನಮ್ಮ ನಾದಿನಿ ಮನೆಗೂ ನಮ್ಮ ಡಿಸೈನೇ" ಎಂದು ಹೇಳಿಕೊಂಡು ಓಡಾಡಿದರು. ಅಷ್ಟೊಂದು ಹಿಗ್ಗಿದ ಮನುಷ್ಯನನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ನಾನೂ ಕಡಿಮೆಯೇನಲ್ಲ. ಅಂಗಡಿಯ ಟೀವಿಯ ಅಗಲವನ್ನು ಮೊಳದಲ್ಲಿ ಅಂದಾಜು ಮಾಡಿ, ಅದಕ್ಕೊಪ್ಪುವಂಥ ದೊಡ್ಡ ಸೆರಗೊಂದನ್ನು ಹೆಣೆಯಲು ಕೂತೆ.

ಮನೆಯ ಕೆಲಸ ಮುಗಿದು ಅವರು ಸತ್ಯನಾರಾಯಣ ಪೂಜೆ ಇಟ್ಟುಕೊಂಡರು. ಹೊಸಿಲು ದಾಟಿದ ಕೂಡಲೇ ನನಗೆ ತಿಳಿದುಹೋಯಿತು, ಈ ಮನೆಯಲ್ಲಿ ನಮ್ಮ ಡಿಸೈನ್ ಒಂದು ಮೊಳೆಯಷ್ಟೂ ಇಲ್ಲ. ಗೋಡೆಯುದ್ದಕ್ಕೂ ತೆಳುವಾದ ಮರದ ಪಟ್ಟಿಗಳು, ನಡುವೆ ಟೀವಿ, ಒಂದು ವೈರೂ ಕಾಣದು. ಕೆಳಗೆ ಉದ್ದನೆಯ ಹಲಗೆಯ ಮೇಲೆ ಒಂದೇ ಒಂದು ಮಣ್ಣಿನ ಕುಂಡ. ಮಿಕ್ಕಿದ್ದೆಲ್ಲ ಖಾಲಿ. ನೋಡಲು ಚೆನ್ನಾಗಿಯೇ ಇತ್ತು, ನನ್ನ ಹೊಟ್ಟೆಕಿಚ್ಚಿಗಾಗಿ ಸುಳ್ಳು ಹೇಳಲಾರೆ. ಸೆರಗಿನ ಪೊಟ್ಟಣವನ್ನು ಕೈಚೀಲದ ತಳಕ್ಕೆ ತಳ್ಳಿದೆ. ಯಜಮಾನರು ಮಾತ್ರ ಪಟ್ಟಿಗಳನ್ನು ತಟ್ಟಿ ನೋಡಿ, "ಗೋಡೆಗೆ ತಕ್ಕ ಹಾಗೆ ಸ್ವಲ್ಪ ಬದಲಾಯಿಸಿದಾರೆ" ಎಂದರು.

ಊಟದ ಪಂಕ್ತಿ ಎದ್ದಿತ್ತು. ಯಜಮಾನರು ಹಿಂದುಗಡೆ ಕೈತೊಳೆಯಲು ಹೋಗಿದ್ದರು. ಹಾಲಿನಲ್ಲಿ ಶ್ರೀಕರನ ಕಚೇರಿಯವರು, ಅವರ ಹೆಂಡತಿಯರು ತಾಂಬೂಲ ಹಾಕಿಕೊಳ್ಳುತ್ತ ಕೂತಿದ್ದರು. ಟೀವಿಯಲ್ಲಿ ಫೋಟೋಗಳು ಒಂದಾದ ಮೇಲೊಂದು ಬರುತ್ತಿದ್ದವು. ವಾರಿಜ ಸಮುದ್ರದ ದಡದಲ್ಲಿ. ಶ್ರೀಕರ ಕುದುರೆಯ ಮೇಲೆ. ಆಮೇಲೆ ಯಾವುದೋ ಅಂಗಡಿಯ ಮರದ ಗೋಡೆ, ಅದರ ಸುತ್ತ ಹಸಿರು ಗೆರೆ.

"ಇದೇನು ಸುತ್ತು ಹಾಕಿದೀರಿ?" ಎಂದು ಒಬ್ಬಾಕೆ ಕೇಳಿದರು.

"ಬಡಗಿಗೆ ಗುರುತು," ಎಂದ ಶ್ರೀಕರ. "ಹಸಿರು ಸುತ್ತಿದ್ರೆ ಇಂಥದ್ದು ಮಾಡು ಅಂತ. ಕೆಂಪು ಸುತ್ತಿದ್ರೆ ಅಪ್ಪಿತಪ್ಪಿಯೂ ಇಂಥದ್ದು ಮಾಡಬೇಡ ಅಂತ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಗೋಡೆಯ ತುಂಬ ನಮ್ಮ ಮನೆ ಬಂದು ನಿಂತಿತು.

ಶೋಕೇಸಿಗೆ ಕೆಂಪು ಸುತ್ತು. ಪ್ಲಾಸ್ಟಿಕ್ ಹೂವಿಗೆ ಕೆಂಪು ಸುತ್ತು. ನನ್ನ ಸೆರಗಿಗೆ ಒಂದರ ಮೇಲೊಂದು ಎರಡು. ಅಷ್ಟು ದೊಡ್ಡದಾಗಿ ನಮ್ಮ ಮನೆಯನ್ನು ನಾನು ಎಂದೂ ನೋಡಿರಲಿಲ್ಲ. ಸೊಟ್ಟ ಬಾಗಿಲು, ಜೋತುಬಿದ್ದ ವೈರು, ಗೋಡೆಯ ಮೇಲಿನ ಎಣ್ಣೆಯ ಕಲೆ, ಎಲ್ಲವೂ ಕಂಡವು. ಒಂದು ಕ್ಷಣ ನನಗೂ ಆ ಕೆಂಪು ಸುತ್ತುಗಳು ಸರಿಯೆನಿಸಿದವು. ತಂಗಿ ಮಾಡಿದ್ದಕ್ಕಿಂತ ಹೆಚ್ಚಾಗಿ ನನಗೆ ಹಾಗೆ ಅನ್ನಿಸಿತಲ್ಲ, ಅದಕ್ಕೆ ನಾನು ನಾಚಿ ನೀರಾದೆ.

"ಅಯ್ಯೋ, ಇದ್ಯಾರ ಮನೆ ಮ್ಯೂಸಿಯಂ?" ಎಂದಿತು ಒಂದು ದನಿ.

ಆಗ ಹಿಂದಿನಿಂದ ಯಜಮಾನರ ಕೆಮ್ಮು ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಾರೆ. ಅವರು ಈ ಫೋಟೋ ನೋಡಬಾರದು, ಈ ಮಾತು ಕೇಳಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಎದ್ದವಳೇ ಚೀಲಕ್ಕೆ ಕೈಹಾಕಿ, ಹೊಸ ಸೆರಗನ್ನು ಎಳೆದು, ಟೀವಿಯ ಮೇಲೆ ಹಾಕಿಬಿಟ್ಟೆ. ಗೋಡೆಗೆ ಅಂಟಿದ ತೆಳ್ಳನೆಯ ಟೀವಿ, ಸೆರಗು ನಿಲ್ಲಬೇಕಲ್ಲ! ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಜಾರಿತು. ಎರಡೂ ಕೈ ಎತ್ತಿ ಒತ್ತಿ ಹಿಡಿದು, ಬಂದವರಿಗೆಲ್ಲ ಬೆನ್ನು ಮಾಡಿ ನಿಂತೆ. ಹೆಣಿಗೆಯ ತೂತುಗಳಿಂದ ನಮ್ಮ ಮನೆ ಮಿಣಮಿಣ ಕಾಣುತ್ತಲೇ ಇತ್ತು.

"ಅಕ್ಕಾ! ಏನ್ ಮಾಡ್ತಿದೀಯಾ? ಸ್ಕ್ರೀನ್ ಮುಟ್ಬೇಡ್ವೇ!" ಎನ್ನುತ್ತ ವಾರಿಜ ಓಡಿಬಂದಳು.

"ನಿಂಗೆ ಅಂತ ಹೆಣೆದಿದ್ದೆ. ಅಳತೆ ಸರಿಹೋಗತ್ತಾ ನೋಡ್ತಿದೀನಿ," ಎಂದೆ.

ಅವಳ ಅತ್ತೆ ಸೋಫಾದಿಂದಲೇ, "ಇರ್ಲಿ ಬಿಡು ವಾರಿಜಾ, ಅಕ್ಕನಿಗೆ ಟೀವಿಗೂ ಸೀರೆ ಉಡಿಸಿ ಅಭ್ಯಾಸ" ಎಂದರು. ದೊಡ್ಡ ನಗೆ ಎದ್ದಿತು. ವಾರಿಜಳೂ ನಗುತ್ತಲೇ ಸೆರಗಿನ ಅಂಚನ್ನು ಎತ್ತಿದಳು. ಒಳಗೆ ಇಣುಕಿದಳು. ಅವಳ ಕೈ ಅಲ್ಲೇ ನಿಂತಿತು. ಅಂಚನ್ನು ಮೆಲ್ಲಗೆ ಮತ್ತೆ ಇಳಿಬಿಟ್ಟು, ರಿಮೋಟ್ ಹುಡುಕಿ, ಟೀವಿಯನ್ನು ಪೂರ್ತಿ ಆರಿಸಿದಳು. ನನ್ನ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಯಜಮಾನರು ಟಿಕೆಟ್ ಮಡಿಚಿ ಜೇಬಿಗಿಟ್ಟುಕೊಂಡರು. ಆಮೇಲೆ ಅಂದರು:

"ಅಷ್ಟು ಜನರ ಮುಂದೆ ಯಾಕೆ ಮುಚ್ಚಿದೆ? ನಾನು ಬಾಗಿಲಲ್ಲೇ ನೋಡ್ದೆ. ನಮ್ಮನೆ ಎಷ್ಟು ಚೆನ್ನಾಗಿ ಕಾಣ್ತಿತ್ತು. ಪಾಪ, ಬಡಗಿಗೆ ತಿಳೀಲಿ ಅಂತ ಒಂದೊಂದಕ್ಕೂ ಗುರುತು ಹಾಕಿದಾಳೆ. ನಿಂಗೆ ನಾಚಿಕೆ ಜಾಸ್ತಿ."

ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಮನೆಗೆ ಬಂದು ನಾನು ಸೀರೆ ಬದಲಾಯಿಸುವಷ್ಟರಲ್ಲಿ ಅವರು ವಾರಿಜಳಿಗೆ ಫೋನ್ ಹಚ್ಚಿಬಿಟ್ಟಿದ್ದರು. "ಅಮ್ಮಾ ವಾರಿಜಾ, ನಮ್ಮನೆ ಫೋಟೋ ಕೆಂಪು ಗುರುತಿಲ್ಲದ್ದು ಒಂದಿದ್ರೆ ಕೊಡಮ್ಮ. ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ." ಅವರು "ಹಲೋ, ಹಲೋ" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಅಂಥದ್ದು ಇಲ್ವಂತೆ, ಅವಳೇ ಬಂದು ಹೊಸದು ತೆಗೆದುಕೊಡ್ತಾಳಂತೆ" ಎಂದರು.

ಮರುದಿನವೇ ಬಂದಳು. ಒಬ್ಬಳೇ. ನೇರ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತು, "ಅಕ್ಕಾ, ನಾನು..." ಎಂದಳು.

"ಆ ಕಾಫಿ ಸೋಸು," ಎಂದೆ. ಸಿಟ್ಟಿಗಲ್ಲ. ಅವಳು ಮುಂದೆ ಹೇಳಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು, ಆಚೆ ಹಾಲ್‌ನಲ್ಲಿ ಯಜಮಾನರಿದ್ದರು.

"ಭಾವನಿಗೆ ಗೊತ್ತಾ?" ಎಂದು ಪಿಸುಗುಟ್ಟಿದಳು.

"ನೀನು ಮೆಚ್ಚಿ ಗುರುತು ಹಾಕಿದೀಯ ಅಂದ್ಕೊಂಡಿದಾರೆ."

ಅವಳು ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡಳು.

ಹಾಲಿನಲ್ಲಿ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು, ಶೋಕೇಸಿನ ಪಕ್ಕ ಸಿದ್ಧವಾಗಿ ನಿಂತಿದ್ದರು. ಗಾಜನ್ನೆಲ್ಲ ಒರೆಸಿದ್ದರು. "ನಾನೂ ನಿಲ್ಲಲೇನಮ್ಮ? ಮಾಡಿದೋನು ಯಾರು ಅಂತ ತಿಳೀಲಿ" ಎಂದು ಕೇಳಿದರು.

"ನಿಂತ್ಕೊಳ್ಳಿ ಭಾವ," ಎಂದು ವಾರಿಜ ಮೊಬೈಲನ್ನು ಮುಖದ ಮುಂದೆ ಹಿಡಿದಳು.

ಅವರು ಒಂದು ಕೈಯನ್ನು ಶೋಕೇಸಿನ ಮೇಲಿಟ್ಟು, ಎದೆ ಸೆಟೆಸಿ, ಹಲ್ಲು ಕಾಣುವಂತೆ ನಕ್ಕರು. ಫೋಟೋ ತೆಗೆದ ಸದ್ದಾಯಿತು. ಇನ್ನೊಂದು ಸದ್ದು. ಮತ್ತೊಂದು.

"ಸಾಕಲ್ವೇನಮ್ಮ? ಚೆನ್ನಾಗಿ ಬಂತಾ?"

"ಚೆನ್ನಾಗಿ ಬಂದಿದೆ ಭಾವ," ಎಂದಳು. ದನಿ ಮಾತ್ರ ಬಂತು. ಮುಖದ ಮುಂದಿನ ಮೊಬೈಲನ್ನು ಅವಳು ಕೆಳಗಿಳಿಸಲಿಲ್ಲ, ಇನ್ನೂ ಫೋಟೋ ತೆಗೆಯುತ್ತಿದ್ದಾಳೆಂದು ನಗುತ್ತ ನಿಂತಿದ್ದ ಅವರೂ ಅಲ್ಲಾಡಲಿಲ್ಲ.