ಸದ್ದಿಲ್ಲದ ಕಡೆಗೆ ನೋಡುವವರು

ಮಾತಾಡದೆ ಕೂತವರನ್ನು ದೊಡ್ಡಮ್ಮ ಸುಮ್ಮನೆ ಬಿಡುವವರಲ್ಲ. ನೆಂಟರ ಗದ್ದಲದ ನಡುವೆಯೂ ಅವರ ದೃಷ್ಟಿ ಮೂಲೆಯ ಕುರ್ಚಿಗೇ ಹೋಗುತ್ತದೆ. ನಲವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಬಗ್ಗಿ ಬಗ್ಗಿ ಮುಂದಕ್ಕೆ ಚಾಚಿಕೊಂಡ ಕುತ್ತಿಗೆ, ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್ ಸಿಕ್ಕಿಸಿದ ಬಿಳಿ ಕೋಟು, ಅರ್ಧ ಮುಚ್ಚಿದ ಎಡಗಣ್ಣು. ಯಾರನ್ನು ನೋಡಿದರೂ ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದಂತೆಯೇ.

ತನ್ನ ಬೆನ್ನಿನ ಮಚ್ಚೆಯ ಚೂರನ್ನು ಪರೀಕ್ಷೆಗೆ ಕೊಟ್ಟಿದ್ದ ತಂಗಿಯ ಮಗಳು, ಎರಡು ವರ್ಷದ ಕೂಸಿನ ಕೈ ಹಿಡಿದು, ಮೂರನೆಯ ದಿನವೂ ಅವರ ಪ್ರಯೋಗಾಲಯಕ್ಕೆ ಬಂದು ನಿಂತಳು.

“ಏನೂ ಇಲ್ಲ ಅಂದ್ರಲ್ಲ ನಿಮ್ಮ ಕಿರಿಯ ಡಾಕ್ಟರು? ಊತ ಇಲ್ಲ, ಮೈಯ ಕಾವಲಿನ ಕೋಶಗಳೂ ಹತ್ತಿರ ಸುಳಿದಿಲ್ಲ ಅಂತ?”

“ಅದೇ ನಂಗೆ ಸರಿಹೋಗ್ಲಿಲ್ಲ ಕಣೇ.”

“ಅಯ್ಯೋ, ನಾನಿಲ್ದಿದ್ರೆ ಇವಳಿಗೆ ಜಡೆ ಯಾರು ಹಾಕ್ತಾರೆ?”

“ಮೊದ್ಲು ಕೂದ್ಲು ಬೆಳೀಲಿ ಸುಮ್ನಿರು.”

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಾಜಿನಲ್ಲಿ ಕಂಡ ಇಂಥದೇ ನಿಶ್ಶಬ್ದವನ್ನು ಆರೋಗ್ಯವೆಂದು ಓದಿ ದೊಡ್ಡಮ್ಮ, ಪರೀಕ್ಷೆಗೆ ಬಂದಿದ್ದ ಒಬ್ಬ ದರ್ಜಿಯನ್ನು ಮನೆಗೆ ಕಳಿಸಿದ್ದರು. ಆತ ಮರಳಿ ಬರುವಷ್ಟರಲ್ಲಿ ರೋಗ ಕೈಮೀರಿತ್ತು. ಅಂದಿನಿಂದ ಅವರದೊಂದು ಹಠ: ಪ್ರತಿ ಗಾಜನ್ನೂ ಅಂಚಿನಿಂದ, ಏನೂ ನಡೆಯುತ್ತಿಲ್ಲವೆನಿಸುವ ಕಡೆಯಿಂದಲೇ ನೋಡತೊಡಗುವುದು.

“ಒಂದೊಂದು ಜೀವಕೋಶವೂ ಒಳಗಿನ ಚೂರುಪಾರನ್ನ ಹೊರಗೆ ತೂಗುಹಾಕಿ ತೋರಿಸ್ತಿರುತ್ತೆ. ಕಾವಲಿನೋರು ಗುರುತು ಹಿಡಿಯೋದು ಅದನ್ನ ನೋಡಿಯೇ. ಕ್ಯಾನ್ಸರ್ ಗಡ್ಡೆಯ ಕೋಶ ಆ ಗುರುತನ್ನೇ ಒಳಗೆಳ್ಕೊಂಡುಬಿಡುತ್ತೆ. ಇನ್ನು ಕೆಲವು ಮಹಾ ನಾಜೂಕು. ಕಾವಲಿನೋರ ಕೈ ಹಿಡಿದು ‘ಹೋಗಿ ಮಲಗಿ ಸ್ವಾಮಿ’ ಅಂತವೆ. ಅವರೂ ಹೋಗಿ ಮಲಗ್ತಾರೆ!”

“ಹೊಗಳ್ತಿದೀರೋ ಬೈತಿದೀರೋ?” ಎಂದು ಅವಳು ಸಿಡುಕಿದಳು.

“ಅದಿರ್ಲಿ, ಮಗು ಎಲ್ಲಿ? ಸದ್ದೇ ಇಲ್ಲ.”

ಅವಳು ಎದ್ದುಬಿದ್ದು ಓಡಿದಳು. ಕೂಸು ಮೇಜಿನಡಿ ಕೂತು, ದೊಡ್ಡಮ್ಮನ ಪೆನ್ನಿನಿಂದ ಗೋಡೆಯನ್ನೂ ತನ್ನ ಹೊಟ್ಟೆಯನ್ನೂ ತದೇಕಚಿತ್ತದಿಂದ ನೀಲಿ ಮಾಡುತ್ತಿತ್ತು.

“ನೋಡು, ಸದ್ದಿಲ್ಲ ಅಂದ್ರೆ ಎದ್ದು ಓಡೋದು ನಿಂಗೂ ಬರೋ ವಿದ್ಯೇನೇ,” ಎಂದರು ದೊಡ್ಡಮ್ಮ.

ಸಂಜೆಗೆ, ಅಡಗಿದವರನ್ನು ಎತ್ತಿ ತೋರಿಸುವ ಬೇರೊಂದು ಬಣ್ಣ ಹಾಕಿದ ಗಾಜು ಬಂತು. ದೊಡ್ಡಮ್ಮ ಅಂಚಿನಿಂದ ಶುರುಮಾಡಿದರು. ಅವಳು ಅವರ ಕೋಟಿನ ಪಿನ್ನನ್ನೇ ನೋಡುತ್ತ ಕೂತಳು.

“ಸಿಕ್ಕಿದ. ಮೇಲ್ಪದರದಲ್ಲೇ ಇದಾನೆ, ಇನ್ನೂ ಕೆಳಗಿಳಿದಿಲ್ಲ. ಸುತ್ತಲ ಚರ್ಮಾನ ಇನ್ನಷ್ಟು ಅಗಲವಾಗಿ ತೆಗೆದುಬಿಟ್ರೆ ಮುಗೀತು. ಜಡೆ ನೀನೇ ಹಾಕ್ತೀಯ, ಏಳು.”

ಇಂಥವರೊಡನೆ ಬಾಳುವುದು ಸುಲಭವಲ್ಲ. ನೆಮ್ಮದಿಯಾಗಿ ಕೂತವರನ್ನೂ ಕೆಣಕುತ್ತಾರೆ. ಆದರೆ ಮೈಯ ಕಾವಲೇ ನಂಬಿ ಮಲಗಿದ ಹೊತ್ತಿನಲ್ಲಿ, ನಂಬದೆ ಎಚ್ಚರವಾಗಿರುವ ಒಬ್ಬರಾದರೂ ಹೊರಗಿರಬೇಕು. ತಾಯಂದಿರೂ ಆ ಬಳಗದವರೇ ಎಂದು, ತನ್ನ ಕಳವಳಕ್ಕೆ ಸದಾ ನಾಚುತ್ತಿದ್ದ ಅವಳಿಗೆ, ನೀಲಿ ಹೊಟ್ಟೆಯನ್ನು ತಿಕ್ಕಿ ತೊಳೆಯುವಾಗ ಮೊದಲ ಬಾರಿ ಅನಿಸಿತು.